ಖಾಲಿ ಹೊಟ್ಟೆಯ ಔಷಧ

ಮನುಷ್ಯನನ್ನು ಬೂಷ್ಟಿನಿಂದ ಕಾಪಾಡುತ್ತಿದ್ದದ್ದು ಅವನ ಮೈಯ ಬಿಸಿ. ಇದು ಬಾಗಲಕೋಟೆಯ ಜನಕ್ಕೆ ಗೊತ್ತಾದದ್ದು ಆ ಕಾವಲು ಮುರಿದ ಮೇಲೆಯೇ. ರೊಟ್ಟಿಯ ಮೇಲೆ, ಉಪ್ಪಿನಕಾಯಿಯ ಮೇಲೆ, ಮಳೆಗಾಲದ ಚಪ್ಪಲಿಯ ಮೇಲೆ ಧಾರಾಳವಾಗಿ ಬೆಳೆಯುವ ಬೂಷ್ಟು ಮನುಷ್ಯನ ಶ್ವಾಸಕೋಶದಲ್ಲಿ ಬೆಳೆಯುವುದು ಅಪರೂಪವಾಗಿತ್ತು. ಒಳಗಿನ ಶಾಖ ಅದಕ್ಕೆ ಆಗಿಬರುತ್ತಿರಲಿಲ್ಲ. ಆದರೆ ಬೇಸಿಗೆಗಳು ವರ್ಷದಿಂದ ವರ್ಷಕ್ಕೆ ಏರುತ್ತ ಹೋದವು. ಹಿನ್ನೀರು ಇಳಿದಾಗ ಬಯಲಾಗುವ ಕಪ್ಪು ಮಣ್ಣು ಐವತ್ತು ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಕಾಯಿತು. ಆ ಮಣ್ಣಿನಲ್ಲಿದ್ದ ಒಂದು ಬೂಷ್ಟು ಬಿಸಿಯನ್ನು ತಾಳಿಕೊಳ್ಳಲು ಕಲಿತುಬಿಟ್ಟಿತು. ಹಾಗೆ ಕಲಿತದ್ದಕ್ಕೆ ಮೂವತ್ತೇಳು ಡಿಗ್ರಿಯ ಮನುಷ್ಯನ ಮೈ ಎಂದರೆ ತಂಪು ನೆರಳು. ಧೂಳಿನ ಜೊತೆ ಮೂಗಿನೊಳಗೆ ಹೋಗಿ, ಶ್ವಾಸಕೋಶದಲ್ಲಿ ನೆಲೆಯೂರಿ, ಮೂರು ವಾರದಲ್ಲಿ ಮನುಷ್ಯನನ್ನು ಮುಗಿಸಿಬಿಡುತ್ತಿತ್ತು. ಇದ್ದ ಔಷಧಗಳು ಅದರ ಮುಂದೆ ನೀರು. ಜನ ಅದನ್ನು ಬಿಸಿಬೂಷ್ಟು ಎಂದು ಕರೆದರು.

ಜನ ಹೊಂದಿಕೊಂಡರು ಕೂಡ. ಗಾಳಿಯಲ್ಲಿ ಬೂಷ್ಟಿನ ಕಣ ಹೆಚ್ಚಾದರೆ ಊರಿಗೆಲ್ಲ ಕೇಳುವಂತೆ ಸೈರನ್ ಕೂಗುತ್ತಿತ್ತು, ಎಲ್ಲರೂ ಕಿಟಕಿ ಹಾಕಿಕೊಳ್ಳುತ್ತಿದ್ದರು. ಮನೆಯೊಳಗೆ ಒದ್ದೆ ಬಟ್ಟೆ ಹರವಿದ ಸೊಸೆಗೆ ಅತ್ತೆಯಿಂದ ಬೈಗುಳ ತಪ್ಪುತ್ತಿರಲಿಲ್ಲ. ಮದುವೆಗಳು ಬೇಸಿಗೆ ಬಿಟ್ಟು ಮಳೆಗಾಲಕ್ಕೆ ಸರಿದವು. ಪಂಚಾಂಗದವರು ಅದಕ್ಕೂ ಮುಹೂರ್ತ ಹುಡುಕಿಕೊಟ್ಟರು.

ನವನಗರದ ಔಷಧ ಪರೀಕ್ಷಾ ಕೇಂದ್ರದಲ್ಲಿ ದುಂಡವ್ವ ತಳಗೇರಿ ಹನ್ನೊಂದು ವರ್ಷದಿಂದ ಇಲಿಗಳನ್ನು ನೋಡಿಕೊಳ್ಳುತ್ತಿದ್ದಳು. ಮನುಷ್ಯರಿಗೆ ಕೊಡುವ ಮುಂಚೆ ಯಾವ ಹೊಸ ಔಷಧವೂ ಅವಳ ಇಲಿಗಳ ಹೊಟ್ಟೆಯನ್ನು ದಾಟಿ ಬರಬೇಕು. ಪ್ರಯೋಗಕ್ಕೆಂದು ಬಿಳಿ ಇಲಿಗಳಿಗೆ ಬಿಸಿಬೂಷ್ಟು ಅಂಟಿಸುತ್ತಿದ್ದರು. ಆ ಬೂಷ್ಟಿಗೆ ಮಿಂಚುಹುಳದ ಗುಣವೊಂದನ್ನು ಸೇರಿಸಿದ್ದರಿಂದ ಅದು ಇಲಿಯ ಮೈಯೊಳಗೆ ಕುಳಿತೇ ಮಂದವಾಗಿ ಬೆಳಗುತ್ತಿತ್ತು. ಕತ್ತಲೆಯ ಪೆಟ್ಟಿಗೆಯೊಳಗಿನ ಕ್ಯಾಮೆರಾ ಆ ಬೆಳಕನ್ನು ಅಳೆಯುತ್ತಿತ್ತು. ಬೆಳಕು ಹೆಚ್ಚಿದರೆ ಬೂಷ್ಟು ಗೆದ್ದಿತು, ನಂದಿದರೆ ಔಷಧ ಗೆದ್ದಿತು. ಒಂದು ಇಲಿಯನ್ನೂ ಕೊಯ್ಯದೆ ದಿನದಿನದ ಲೆಕ್ಕ ಸಿಗುತ್ತಿತ್ತು. ಈ ಕ್ಯಾಮೆರಾದ ಮೇಲೆ ಸರ್ಕಾರಕ್ಕೆ ಎಷ್ಟು ನಂಬಿಕೆ ಬಂದಿತ್ತೆಂದರೆ, ಹಿಂದೆ ಮೂರು ಕಡೆ ಮೂರು ಸಲ ಮಾಡುತ್ತಿದ್ದ ಪರೀಕ್ಷೆ ಒಂದೇ ಸಲ ಆದರೆ ಸಾಕು ಎಂದು ತುರ್ತು ನಿಯಮ ಮಾಡಿಬಿಟ್ಟಿತ್ತು. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಇಲಿ ಏನು ತಿಂದಿತ್ತು ಎಂದು ಅದನ್ನು ಯಾರೂ ಕೇಳಿರಲಿಲ್ಲ.

ಹದಿನೇಳು ಎಂಬ ಬರೀ ನಂಬರಿನ ಹೆಸರಿನ ಔಷಧ ಆ ಚಳಿಗಾಲದಲ್ಲಿ ಗೆದ್ದಿತು. ಔಷಧ ಸಿಕ್ಕ ಇಪ್ಪತ್ತು ಇಲಿಗಳಲ್ಲಿ ಹದಿನೆಂಟು ಬದುಕಿದವು. ಸಿಗದ ಇಪ್ಪತ್ತೂ ಸತ್ತವು. ಕೇಂದ್ರದ ಮುಖ್ಯ ವಿಜ್ಞಾನಿ ಡಾಕ್ಟರ್ ಸಫೂರಾ ನದಾಫ, ನಗುವುದು ಅಪರೂಪದ ಹೆಂಗಸು, ಅಂದು ಪೇಢಾ ತರಿಸಿ ಎಲ್ಲರಿಗೂ ತನ್ನ ಕೈಯಿಂದಲೇ ಹಂಚಿದ್ದಳು. ಮಾರ್ಚ್‌ನಲ್ಲಿ ಮೊದಲ ರೋಗಿಗೆ ಅದನ್ನು ಕೊಡಲು ಅಪ್ಪಣೆ ಬಂತು.

ಮೊದಲ ರೋಗಿ ಜಯಮಾಲಾ ಗೌಂಡಿ. ಮುಚಖಂಡಿಯಿಂದ ನವನಗರಕ್ಕೆ ಬರುವ ಬೆಳಗಿನ ಬಸ್ಸಿನ ಕಂಡಕ್ಟರ್, ಮೂವತ್ತರ ಆಸುಪಾಸಿನ ಗಟ್ಟಿ ಗಂಟಲಿನ ಹೆಂಗಸು. ದುಂಡವ್ವ ನಾಲ್ಕು ವರ್ಷದಿಂದ ಅದೇ ಬಸ್ಸಿಗೆ ಬರುವವಳು. ಆಸ್ಪತ್ರೆಗೆ ಸೇರಿದವಳು ಆಕೆಯೇ ಎಂದು ಬಸ್ಸಿನ ಡ್ರೈವರ್ ಹೇಳಿದಾಗ ದುಂಡವ್ವನಿಗೆ ಹೆದರಿಕೆಯಾಯಿತು. ಆದರೆ ಕೊಡುತ್ತಿರುವುದು ನಮ್ಮ ಹದಿನೇಳು ಎಂದು ತಿಳಿದಾಗ ಧೈರ್ಯವೂ ಬಂತು. ಇಲಿಗಳು ಐದನೆಯ ದಿನಕ್ಕೇ ಓಡಾಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಐದನೆಯ ದಿನ ಜಯಮಾಲಾ ಎದ್ದು ಕೂರಲಿಲ್ಲ. ಆರನೆಯ ದಿನ ಆಮ್ಲಜನಕ ಹೆಚ್ಚಿಸಿದರು. ಏಳನೆಯ ದಿನ ಬೆಳಿಗ್ಗೆ ಸಫೂರಾ ಇಲಿಮನೆಯ ಕೆಲಸದವರನ್ನೆಲ್ಲ ಹೊರಕೋಣೆಯಲ್ಲಿ ನಿಲ್ಲಿಸಿದಳು. ಅವಳ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು.

"ನೋಡ್ರಿ, ನಾ ಯಾರ್ ಮ್ಯಾಲೂ ಸಂಶಯ ಪಡಾಕತ್ತಿಲ್ಲ," ಎಂದಳು. "ಹದಿನೇಳರ ಪರೀಕ್ಷಾದಾಗ ಬರದಿದ್ದು ಬಿಟ್ಟು ಬ್ಯಾರೆ ಏನರೆ ಆಗಿತ್ತೇನು? ಎಷ್ಟ್ ಸಣ್ಣದಿದ್ರೂ ಹೇಳ್ರಿ. ಆ ಹೆಣ್ಮಗಳ ಪುಪ್ಪಸ ಇನ್ನ ಮೂರ್ನಾಲ್ಕು ದಿನಕ್ಕಿಂತ ಜಾಸ್ತಿ ತಡಿಯಂಗಿಲ್ಲ."

ಎಲ್ಲರೂ ಇಲ್ಲ ಎಂದರು. ದುಂಡವ್ವನೂ ಇಲ್ರಿ ಎಂದಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಆ ಗಳಿಗೆಯಲ್ಲಿ ಅವಳಿಗೆ ಏನೂ ಹೊಳೆಯಲೇ ಇಲ್ಲ. ಎಲ್ಲರೂ ಹೋದ ಮೇಲೆ, ನೆಲ ಒರೆಸುತ್ತ ಉಳಿದಿದ್ದ ಅವಳ ಎದುರಿಗೇ ಸಫೂರಾ ಫೋನಿನಲ್ಲಿ ಆಸ್ಪತ್ರೆಯ ಡಾಕ್ಟರ್ ಇಟಗಿಯವರ ಜೊತೆ ವಾದ ಮಾಡುತ್ತಿದ್ದಳು.

"ರಕ್ತದಾಗ ಔಷಧ ಎರಡರಮಟ್ಟ ಐತಿ ಅಂದ್ರ ಬರೋಬ್ಬರಿ ಐತಲ್ರಿ. ಮತ್ತೊಂದು ಕೋಣಿಯೊಳಗ ಆರಾಮ ಇದ್ದ ಇಲಿಗೆ ಕೊಟ್ಟು ನೋಡಿದಾಗೂ ಎರಡ ಇತ್ತು. ಅಷ್ಟರಾಗ ನಮ್ಮ ಬ್ಯಾನಿ ಇಲಿ ಬದುಕ್ಯಾವು. ಔಷಧ ರಕ್ತದಾಗ ಕಮ್ಮಿ ಇದ್ರೂ ಪುಪ್ಪಸದಾಗ ಹೋಗಿ ಕೂಡ್ತೈತಿ ಅಂತ ನಾವ ಬರದೀವಿ... ಹೌದ್ರಿ, ಖಾಲಿ ಹೊಟ್ಟಿಗೇ ಕೊಡ್ರಿ. ಇಲಿಗೂ ಖಾಲಿ ಹೊಟ್ಟಿಗೇ ಕೊಟ್ಟೀವಿ."

ಒರೆಸುತ್ತಿದ್ದ ಕೈ ನಿಂತಿತು.

ಖಾಲಿ ಹೊಟ್ಟೆಗೆ ಕೊಟ್ಟಿರಲಿಲ್ಲ.

ದುಂಡವ್ವನ ತವರಿನ ಹೊಲ ಹಿನ್ನೀರಿನಲ್ಲಿ ಮುಳುಗಿ ಬಹಳ ಕಾಲವಾಗಿತ್ತು. ಎಳ್ಳು ಅಮವಾಸ್ಯೆಯ ದಿನ ಉಳ್ಳವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೂ ಅಲ್ಲಿನ ಹುಳುಹುಪ್ಪಡಿಗೂ ಸಲ್ಲಲಿ ಎಂದು ಆ ಅಡುಗೆಯನ್ನು ಚರಗವಾಗಿ ಚೆಲ್ಲುತ್ತಾರೆ. ಹೊಲವೇ ಇಲ್ಲದವಳು ಎಲ್ಲಿ ಚೆಲ್ಲಬೇಕು? ಹನ್ನೊಂದು ವರ್ಷ ಯಾವ ಜೀವಗಳಿಂದ ತನ್ನ ಅನ್ನ ಹುಟ್ಟಿತ್ತೋ ಆ ಇಲಿಗಳಿಗೇ ಈ ಸಲ ಚರಗ ಕೊಟ್ಟಳು. ಮನೆಯಲ್ಲಿ ಮಾಡಿದ ಶೇಂಗಾ ಹೋಳಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ತಂದು, ಇಲಿಗಳ ಕಾಳಿನ ಜೊತೆಗೇ ಹಬೆಯಂತ್ರದಲ್ಲಿಟ್ಟು ಶುದ್ಧ ಮಾಡಿ, ಪೆಟ್ಟಿಗೆಗೆ ಒಂದೊಂದು ಚಿವುಟು ಹಾಕಿದ್ದಳು. ಹಬೆಗೆ ಹಾಕದೆ ಒಳಗೆ ಏನೂ ಒಯ್ಯಬಾರದು ಎಂಬುದು ನಿಯಮ. ಅದನ್ನು ಪಾಲಿಸಿದ್ದೇನೆ, ತಪ್ಪೇನು ಮಾಡಿದೆ ಎಂದೇ ಅವಳ ಲೆಕ್ಕ.

ಅಲ್ಲಿಗೇ ಬಿಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ. ಮರುದಿನದಿಂದ ಪರೀಕ್ಷೆ ಶುರು. ಬೆಳಿಗ್ಗೆ ಎಂಟಕ್ಕೆ ಕಾಳು ತೆಗೆದುಬಿಡಬೇಕು, ಹತ್ತಕ್ಕೆ ಔಷಧ, ಹನ್ನೆರಡಕ್ಕೆ ಮತ್ತೆ ಕಾಳು. ಬೇನೆ ಬಿದ್ದ ಇಲಿಗಳು ಮುದುಡಿ ಮೂಲೆ ಹಿಡಿದಿದ್ದವು. ಖಾಲಿ ಹೊಟ್ಟೆಗೆ ಗುಳಿಗೆ ನುಂಗಬೇಡ, ಸಂಕಟವಾಗುತ್ತದೆ, ಒಂದು ತುತ್ತಾದರೂ ತಿನ್ನು ಎಂದು ಹುಟ್ಟಿದಾಗಿನಿಂದ ಕೇಳಿಕೊಂಡು, ಗಂಡನಿಗೂ ಮಕ್ಕಳಿಗೂ ಅದನ್ನೇ ಹೇಳಿಕೊಂಡು ಬಂದವಳು ದುಂಡವ್ವ. ಶೇಂಗಾ ಹೋಳಿಗೆ ಹದಿನೈದು ದಿನ ಇಟ್ಟರೂ ಕೆಡುವುದಿಲ್ಲ. ದಿನಾಲೂ ಔಷಧದ ಹೊತ್ತಿಗೆ ಸ್ವಲ್ಪ ಮುಂಚೆ, ಔಷಧ ಸಿಗುವವು ಸಿಗದವು ಎಂದು ಭೇದ ಮಾಡದೆ, ಎಲ್ಲ ಪೆಟ್ಟಿಗೆಗೂ ಒಂದೊಂದು ಚಿವುಟು. ಅದನ್ನು ಮಾತ್ರ ಅವು ತಿನ್ನುತ್ತಿದ್ದವು.

ಸಂಜೆ ಮನೆಗೆ ಹೋದಾಗ ಗಂಡ ಫಕೀರಪ್ಪ ಹೊಲಿಗೆಯ ಯಂತ್ರದ ಮುಂದೆ ಕೂತಿದ್ದ. ಎರಡು ಬೇಸಿಗೆಯ ಹಿಂದೆ ಬಿಸಿಬೂಷ್ಟು ಅವನಿಗೂ ಹತ್ತಿತ್ತು. ಒಂದು ಬದಿಗೇ ಹತ್ತಿದ್ದರಿಂದ ಆ ಬದಿಯ ಶ್ವಾಸಕೋಶವನ್ನೇ ಕೊಯ್ದು ತೆಗೆದು ಉಳಿಸಿದ್ದರು. ಅಂದಿನಿಂದ ನಾಲ್ಕು ಮಾತಿಗೊಮ್ಮೆ ಅವನು ನಿಂತು ಉಸಿರು ತುಂಬಿಕೊಳ್ಳಬೇಕು. ದುಂಡವ್ವ ನಡೆದದ್ದೆಲ್ಲ ಹೇಳಿದಳು.

"ಹೋಳಿಗಿ ತಿಂದ್ರ ಬೂಷ್ಟು ಹೋಗ್ತೈತೇನ?" ಎಂದು ನಕ್ಕ ಫಕೀರಪ್ಪ. "ಹಂಗಿದ್ರ ನನ್ನ ಯಾಕ ಕೊಯ್ದ್ರು? ಎರಡ ಹೋಳಿಗಿ ಕೊಟ್ಟು... ಕಳಸ್ತಿದ್ರು."

"ಚಾಷ್ಟಿ ಮಾಡಬ್ಯಾಡ. ಮೇಡಮ್ಮಾರು ಖಾಲಿ ಹೊಟ್ಟಿ ಖಾಲಿ ಹೊಟ್ಟಿ ಅಂತ ಎರಡ ಸರೆ ಅಂದ್ರು. ಇಲಿ ಹೊಟ್ಟಿ ಖಾಲಿ ಇದ್ದಿಲ್ಲ. ಅದು ನನಗೊಬ್ಬಾಕಿಗೇ ಗೊತ್ತು."

ನಗು ನಿಂತಿತು.

"ಹೇಳಬ್ಯಾಡ," ಎಂದ. "ಕೆಲಸಾ ಹೋಗ್ತೈತಿ, ಅದೊಂದು ಹಂಗಿರಲಿ. ಪರೀಕ್ಷಾನ ಸುಳ್ಳು ಅಂತ ಆದ್ರ... ಔಷಧಾನೂ ನಿಲ್ಲಸ್ತಾರ. ಮುಂದಿನ ಬ್ಯಾಸಗಿಗೆ ನನಗ ಮತ್ತ ಹತ್ತಿದ್ರ... ಕೊಯ್ಯಾಕ ಇನ್ನೊಂದು ಎಲ್ಲೈತಿ?"

ಅವನು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ದುಂಡವ್ವ ರೊಟ್ಟಿ ಬಡಿಯುತ್ತ ಕೂತಳು. ಮೂರನೆಯ ರೊಟ್ಟಿ ಹರಿಯಿತು. ಅದನ್ನು ಮುದ್ದೆ ಮಾಡಿ ತಟ್ಟೆಗೆ ಎಸೆದು ಗಂಡನ ಕಡೆ ತಿರುಗಿದಳು.

"ನೀ ಆ ವಾರ್ಡಿನ್ಯಾಗ ಮಲಗಿದ್ದಾಗ ಯಾವಾಕಿರೆ ನನ್ನಂಗ ಗೊತ್ತಿದ್ದೂ ರೊಟ್ಟಿ ಬಡಕೋತ ಕುಂತಿದ್ರ, ನಾ ಆಕಿನ್ನ ಏನಂತಿದ್ನಿ ಗೊತ್ತೈತೇನು?"

ಫಕೀರಪ್ಪ ಯಂತ್ರದ ಚಕ್ರ ತಿರುಗಿಸಿದ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ದುಂಡವ್ವ ಸಫೂರಾಳ ಕೋಣೆಯಲ್ಲಿ ಕುರ್ಚಿ ತೋರಿಸಿದರೂ ಕೂರದೆ ನಿಂತೇ ಎಲ್ಲ ಹೇಳಿದಳು. ಅಮವಾಸ್ಯೆ, ಚರಗ, ಹಬೆಯಂತ್ರ, ದಿನದ ಒಂದು ಚಿವುಟು. ಸಫೂರಾ ಮೊದಮೊದಲು ಪೆನ್ನು ಹಿಡಿದು ಕೇಳುತ್ತಿದ್ದಳು. ಆಮೇಲೆ ಪೆನ್ನು ಮೇಜಿನ ಮೇಲೆ ಬಿತ್ತು.

"ಹೋಳಿಗಿ," ಎಂದಳು. "ಹೋಳಿಗಿ, ದುಂಡವ್ವ! ನಾ ಮೂರು ತಿಂಗಳ ತಲಿ ಕೆಡಿಸ್ಕೊಂಡು, ಔಷಧ ಪುಪ್ಪಸದಾಗ ಹೆಂಗ ಕೂಡ್ತೈತಿ ಅಂತ ನಲವತ್ತು ಪುಟ ಬರದೀನಿ. ನಲವತ್ತು ಪುಟ! ಒಂದಕ್ಷರಾ ಖರೆ ಅಲ್ಲ. ಆ ಹುಡಿಗಿ ಅಲ್ಲಿ ಸಾಯಾಕತ್ತಾಳ." ಅವಳ ದನಿ ಏರಿತು, ಹೊರಗಿನವರು ತಿರುಗಿ ನೋಡಿದರು. "ಹನ್ನೊಂದು ವರ್ಷ ಆತು ನೀ ಇಲ್ಲಿ. ಹನ್ನೊಂದು ವರ್ಷ!"

"ಬೈರಿ ಮೇಡಂ. ಆದ್ರ ಮೊದಲ ಆಕಿಗೆ ಏನರೆ ಮಾಡ್ರಿ."

ಸಫೂರಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕೂತಳು. ಕೈ ತೆಗೆದಾಗ ಸಿಟ್ಟು ಇನ್ನೂ ಇತ್ತು, ಆದರೆ ಅದರ ಹಿಂದೆ ಲೆಕ್ಕ ಓಡುತ್ತಿತ್ತು.

"ಎಣ್ಣಿ," ಎಂದಳು ಮೆಲ್ಲಗೆ. "ಶೇಂಗಾದ ಎಣ್ಣಿ. ಹದಿನೇಳು ನೀರಾಗ ಕರಗಂಗಿಲ್ಲ. ಖಾಲಿ ಹೊಟ್ಟ್ಯಾಗ ಹಾಕಿದ್ರ ಬಂದಂಗ ಹೊಳ್ಳಿ ಹೋಗ್ತೈತಿ. ಜಿಡ್ಡಿನ ಜೋಡಿ ಹೋದ್ರ ರಕ್ತಕ್ಕ ಇಳಿತೈತಿ. ಆರಾಮ ಇದ್ದ ಇಲಿ ನಿನ್ನ ಕೋಣಿಯೊಳಗ ಇದ್ದಿಲ್ಲ, ಅವಕ್ಕ ಹೋಳಿಗಿ ಸಿಕ್ಕಿಲ್ಲ, ಅದಕ್ಕ ಅವುಗಳ ರಕ್ತದಾಗ ಎರಡ ಇತ್ತು. ನಿನ್ನ ಇಲಿಯೊಳಗ ಎಷ್ಟಿತ್ತೋ ಏನೋ, ನಾವು ನೋಡೇ ಇಲ್ಲ."

ಅವಳು ಫೋನು ಎತ್ತಿದಳು, ಮತ್ತೆ ಕೆಳಗಿಟ್ಟಳು. ಎದುರಿನ ಗೋಡೆಯ ಮೇಲೆ ತುರ್ತು ನಿಯಮದ ಪಟ್ಟಿ ಇತ್ತು. ಪರೀಕ್ಷೆಯಲ್ಲಿ ದೋಷ ಕಂಡರೆ ಕಂಡ ದಿನವೇ, ಕಚೇರಿ ಮುಚ್ಚುವುದರೊಳಗೆ, ಔಷಧಕ್ಕೆ ಅಪ್ಪಣೆ ಕೊಟ್ಟ ಸಮಿತಿಗೆ ತಿಳಿಸಬೇಕು. ತಿಳಿಸಿದ ಗಳಿಗೆಯಿಂದ ಔಷಧ ನಿಲ್ಲುತ್ತದೆ.

"ಈಗ ತಿಳಿಸಿದ್ರ ಆಕಿಗೆ ಹನ್ನೊಂದು ಗಂಟೇದ ಡೋಸ್ ಸಿಗಂಗಿಲ್ಲ," ಎಂದಳು ಸಫೂರಾ. "ತಿಳಿಸದ ಇದ್ರ ನಾ ಕಳ್ಳಿ."

"ಕಚೇರಿ ಮುಚ್ಚೂದು ಐದಕ್ಕಲ್ರಿ," ಎಂದಳು ದುಂಡವ್ವ.

ಸಫೂರಾ ಇಟಗಿಯವರಿಗೆ ಫೋನು ಮಾಡಿದಳು. ಒಂದಕ್ಷರ ಮುಚ್ಚಿಡದೆ ಹೇಳಿದಳು. ಐದರೊಳಗೆ ವರದಿ ಕಳಿಸುವುದು ಖಂಡಿತ ಎಂದಳು. ಔಷಧದ ಪ್ರಮಾಣ ಬದಲಿಸುವ ಅಧಿಕಾರ ಇಬ್ಬರಿಗೂ ಇರಲಿಲ್ಲ. ಆದರೆ ರೋಗಿ ಯಾವಾಗ ಉಣ್ಣಬೇಕು ಎಂಬುದು ಆಸ್ಪತ್ರೆಯ ಡಾಕ್ಟರಿಗೆ ಬಿಟ್ಟದ್ದು. ಇಟಗಿ ಜಯಮಾಲಾಳ ತಾಯಿಯಿಂದ ರವೆಯ ಸಜ್ಜಕ ಮಾಡಿಸಿದರು, ತುಪ್ಪ ಧಾರಾಳ ಹಾಕಿಸಿ.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಫೋನು ಬಂತು. ಇಟಗಿಯವರ ದನಿ ಹತಾಶವಾಗಿತ್ತು. "ಎರಡ ಚಮಚಾ ತಿಂದಾಳ್ರಿ. ಬಾಯಿ ತಗಿವಲ್ಲಳು. ಹೊಟ್ಟಿ ತೊಳಸ್ತೈತಿ ಅಂತಾಳ. ಮೂಗಿನ್ಯಾಗಿಂದ ನಳಗಿ ಹಾಕೋಣಂದ್ರ ಆ ಉಸಿರಿನ್ಯಾಗ ಹಾಕಾಕ ನನಗ ಧೈರ್ಯ ಇಲ್ಲ."

ದುಂಡವ್ವ ಕೈ ಚಾಚಿದಳು. ಸಫೂರಾ ಫೋನು ಕೊಟ್ಟಳು. ಆ ಕಡೆ ರೋಗಿಯ ಕಿವಿಗೆ ಹಿಡಿದಿರಬೇಕು, ಮುಖವಾಡದೊಳಗಿನ ಉಸಿರು ಸುಯ್ ಸುಯ್ ಎಂದು ಕೇಳುತ್ತಿತ್ತು.

"ಜಯವ್ವಾ, ನಾ ದುಂಡವ್ವ. ಮುಚಖಂಡಿ ಸ್ಟಾಪು, ಹಿಂದಿನ ಬಾಗಲದಾಗ ಹತ್ತಾಕಿ. ನಾಕ್ ವರ್ಷ ಆತು, ಮುಂದ ಸರಿ ಮುಂದ ಸರಿ ಅಂತ ದಿನಾ ಬೆನ್ನಿಗೆ ತಿವದಿ. ನಾ ಯಾವತ್ತರೆ ತಿರುಗಿ ಮಾತಾಡೀನೇನು? ಜಾಗಾ ಇಲ್ಲಂದ್ರೂ ಸರದೀನಿ. ಇವತ್ತೊಂದಿನ ನೀ ನನ್ನ ಮಾತ ಕೇಳು. ಬಾಯಿ ತಗಿ. ಒಂದ ಚಮಚಾ. ವಾಂತಿ ಬಂದ್ರ ಬರಲಿ, ಮತ್ತ ತಿನ್ನು. ತಪ್ಪು ನಂದೈತಿ ಜಯವ್ವಾ, ಎದ್ದ ಮ್ಯಾಲೆ ಬಸ್ಸಿಂದ ಇಳಸು ಬೇಕಾದ್ರ. ಈಗ ತಿನ್ನು."

ಸ್ವಲ್ಪ ಹೊತ್ತಿಗೆ ಚಮಚ ಬಟ್ಟಲಿಗೆ ತಾಗುವ ಸದ್ದು ಕೇಳಿತು. ಮತ್ತೊಮ್ಮೆ ಕೇಳಿತು. ದುಂಡವ್ವ ಎಣಿಸಿದಳು, ಒಂಬತ್ತು ಸಲ. ಹನ್ನೊಂದು ಗಂಟೆಗೆ ಔಷಧ ಕೊಟ್ಟರು.

ರಕ್ತದ ವರದಿ ಬರುವುದು ನಾಲ್ಕಕ್ಕೆ. ಅಲ್ಲಿಯವರೆಗೆ ಸಫೂರಾ ಸಮಿತಿಗೆ ಪತ್ರ ಬರೆದಳು, ಅಳಿಸಿದಳು, ಮತ್ತೆ ಬರೆದಳು. ದುಂಡವ್ವ ಇಲಿಗಳ ಪೆಟ್ಟಿಗೆ ತೊಳೆದಳು. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು. ವಾಂತಿ ಆಗಿದ್ದರೆ? ಇಲಿಗೆ ಆದದ್ದು ಮನುಷ್ಯರಿಗೆ ಆಗದಿದ್ದರೆ? ಹೋಳಿಗೆಗೂ ಇದಕ್ಕೂ ಸಂಬಂಧವೇ ಇಲ್ಲದಿದ್ದರೆ, ಸುಮ್ಮನೆ ಬಾಯಿಬಿಟ್ಟು ಇದ್ದೊಂದು ಔಷಧವನ್ನೂ ನಿಲ್ಲಿಸಿದಂತಾಗಲಿಲ್ಲವೇ? ಅವಳ ಕಣ್ಣ ಮುಂದೆ ಫಕೀರಪ್ಪನ ಮುಖ ಬಂತು.

ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಫೋನು ಬಂತು. ಸಫೂರಾ ಎದ್ದು ನಿಂತು ಕೇಳಿದಳು. ಕೇಳಿ ಕುರ್ಚಿಯಲ್ಲಿ ಕುಸಿದಳು.

"ಎಷ್ಟ್ರಿ ಮೇಡಂ?"

"ಒಂಬತ್ತು," ಎಂದಳು ಸಫೂರಾ. "ನಿನ್ನೆ ಎರಡಿತ್ತು. ಇವತ್ತ ಒಂಬತ್ತು." ಹೇಳುತ್ತಲೇ ಅವಳಿಗೆ ಅಳು ಬಂದುಬಿಟ್ಟಿತು. ಹನ್ನೊಂದು ವರ್ಷದಲ್ಲಿ ದುಂಡವ್ವ ಅದನ್ನು ಕಂಡಿರಲಿಲ್ಲ.

ನಾಲ್ಕೂವರೆಗೆ ವರದಿ ಹೋಯಿತು. ಐದರೊಳಗೆ ಸಮಿತಿ ಪರದೆಯ ಮೇಲೆ ಕೂತಿತು. ಬೈದರು, ಬಹಳ ಬೈದರು, ಬೈಯಬೇಕಾದದ್ದೇ. ಒಂಬತ್ತು ಎಂಬ ಅಂಕಿ ಎದುರಿಗಿದ್ದದ್ದರಿಂದ ಜಯಮಾಲಾಳಿಗೆ ಮಾತ್ರ ಔಷಧ ಮುಂದುವರಿಸಲು ಒಪ್ಪಿದರು. ಉಳಿದವರಿಗೆ ಇಲ್ಲ. ಹಳೆಯ ಪರೀಕ್ಷೆ ರದ್ದು. ಜಿಡ್ಡಿನ ಜೊತೆ ಮತ್ತು ಜಿಡ್ಡಿಲ್ಲದೆ, ಎರಡೂ ರೀತಿಯಲ್ಲಿ ಇಲಿಗಳ ಮೇಲೆ ಹೊಸದಾಗಿ ಮಾಡಿ ತೋರಿಸಿದ ಮೇಲೆಯೇ ಮಾತು. ಆಗ ಜಿಲ್ಲೆಯ ಆಸ್ಪತ್ರೆಗಳಲ್ಲಿ ಹದಿನೇಳಕ್ಕಾಗಿ ಕಾಯುತ್ತಿದ್ದವರು ನಲವತ್ತೊಂದು ಮಂದಿ.

ದುಂಡವ್ವನನ್ನು ತೆಗೆದುಹಾಕಬೇಕೆಂದು ಸಮಿತಿಯ ಒಬ್ಬರು ಹಟ ಹಿಡಿದರು. ಎಷ್ಟು ಕೊಟ್ಟಳು, ಯಾವಾಗ ಕೊಟ್ಟಳು, ಹೇಗೆ ಕೊಟ್ಟಳು ಎಂದು ಅವಳೊಬ್ಬಳಿಗೇ ಗೊತ್ತು, ಅವಳಿಲ್ಲದೆ ಪರೀಕ್ಷೆ ಮಾಡಿ ನೀವೇ ತೋರಿಸಿ ಎಂದು ಸಫೂರಾ ಎದುರು ನಿಂತಳು. ಕೊನೆಗೆ ನೋಟೀಸು ಕೊಟ್ಟು, ಪರೀಕ್ಷೆ ಮುಗಿಯುವವರೆಗೆ ಇಟ್ಟುಕೊಂಡರು. ಮುಗಿದ ಮೇಲೆ ಏನೆಂದು ಯಾರೂ ಹೇಳಲಿಲ್ಲ.

ಹೊಸ ಪರೀಕ್ಷೆ ಅದಾದ ನಾಲ್ಕನೆಯ ದಿನ ಶುರುವಾಯಿತು. ಬಲಗಡೆಯ ಕಪಾಟಿನಲ್ಲಿ ಇಪ್ಪತ್ತು ಇಲಿ, ಎಡಗಡೆಯದರಲ್ಲಿ ಇಪ್ಪತ್ತು. ಎಲ್ಲವಕ್ಕೂ ಬಿಸಿಬೂಷ್ಟು, ಎಲ್ಲವಕ್ಕೂ ಹದಿನೇಳು. ಬಲಗಡೆಯವಕ್ಕೆ ಔಷಧಕ್ಕೆ ಮುಂಚೆ ತೂಕ ಮಾಡಿದ ಶೇಂಗಾ ಮುದ್ದೆ. ಎಡಗಡೆಯವಕ್ಕೆ ಏನೂ ಇಲ್ಲ.

ಪರೀಕ್ಷೆಯ ಆರನೆಯ ದಿನ ಬೆಳಿಗ್ಗೆ ಕ್ಯಾಮೆರಾದ ಪರದೆಯ ಮೇಲೆ ಬಲಗಡೆಯ ಬೆಳಕು ಅರ್ಧಕ್ಕರ್ಧ ನಂದಿತ್ತು. ಎಡಗಡೆಯದು ದಿನಕ್ಕಿಂತ ದಿನ ಹೆಚ್ಚು ಉರಿಯುತ್ತಿತ್ತು. ಆಸ್ಪತ್ರೆಯಿಂದ ಸುದ್ದಿಯೂ ಬಂತು: ಜಯಮಾಲಾ ಎದ್ದು ಕೂತಿದ್ದಾಳೆ, ಮುಖವಾಡ ತೆಗೆದು ನರ್ಸುಗಳ ಮೇಲೆ ರೇಗಾಡಿದ್ದಾಳೆ.

"ಎಡಗಡೆದು ಬ್ಯಾರೆಯವ್ರಿಗೆ ಹೇಳ್ತೀನಿ, ದುಂಡವ್ವ," ಎಂದಳು ಸಫೂರಾ ಬಾಗಿಲಲ್ಲಿ ನಿಂತು. "ನೀ ಬರೇ ಬಲಗಡೆದು ಮಾಡು. ನಿನಗ ಆಗಂಗಿಲ್ಲ."

"ಬ್ಯಾಡ್ರಿ," ಎಂದಳು ದುಂಡವ್ವ. "ಬ್ಯಾರೆಯವ್ರ ಕರುಳು ಕರಗಿ ಇವಕ್ಕೂ ಶೇಂಗಾ ಹಾಕಿಬಿಟ್ರ?"

ಅವಳು ಬಲಗಡೆ ಮುಗಿಸಿ ಎಡಗಡೆಗೆ ಬಂದಳು. ಶೇಂಗಾದ ವಾಸನೆ ಕೈಗೆ ಅಂಟಿತ್ತೋ ಕೋಣೆಯಲ್ಲೇ ಇತ್ತೋ, ಮೊದಲ ಪೆಟ್ಟಿಗೆಯ ಇಲಿ ಮೂಲೆಯಿಂದ ತೆವಳಿಕೊಂಡು ಬಂದು ಕಂಬಿಗೆ ಮೂಗು ಹಚ್ಚಿತು. ಅದರ ಪಕ್ಕೆ ಮೇಲೆ ಕೆಳಗೆ ಹೋಗುತ್ತಿತ್ತು. ದುಂಡವ್ವನ ಕಣ್ಣಲ್ಲಿ ನೀರು ತುಂಬಿ ಎದುರಿಗಿದ್ದದ್ದು ಕಾಣದಾಯಿತು. ತಪ್ಪಾಯಿತೆಂದು ಅದಕ್ಕೆ ಹೇಳಬೇಕೆನ್ನಿಸಿತು, ಹೇಳಿದಳು ಕೂಡ. ಆಮೇಲೆ ತೋಳಿನಿಂದ ಕಣ್ಣೊರೆಸಿಕೊಂಡು, ಔಷಧವನ್ನು ಅಳತೆ ಮಾಡಿ ಅದರ ಬಾಯಿಗೆ ಬಿಟ್ಟು, ಮುಚ್ಚಳ ಹಾಕಿ ಎರಡನೆಯ ಪೆಟ್ಟಿಗೆಗೆ ಹೋದಳು.